ಅಮ್ಮನ ಸ್ವರ ಇದ್ದ ಗಂಟಲು

ಮೇ ತಿಂಗಳ ಸೆಖೆಯಲ್ಲೂ ಕುತ್ತಿಗೆಗೆ ಉಣ್ಣೆಯ ಮಫ್ಲರ್, ದವಡೆಯಲ್ಲೊಂದು ಕಲ್ಲುಸಕ್ಕರೆ. ಕೊಟ್ಟಾರದ ನಮ್ಮ ಪಕ್ಕದ ಮನೆಯ ಅಣ್ಣ ಗೇಟು ದಾಟಿ ಬರುತ್ತಿದ್ದುದೇ ಹಾಗೆ. ತುಳು ನಾಟಕ, ರೇಡಿಯೋ, ನಾಲ್ಕಾರು ಸಿನಿಮಾ ಮಾಡಿದವರು. ಸಿನಿಮಾದಲ್ಲಿ ಹೆಚ್ಚಾಗಿ ಇಂಟರ್ವಲ್ಲಿನೊಳಗೆ ಸಾಯುವ ಮಾವನ ಪಾತ್ರ. ಗಂಟಲಿಗೆ ಗಾಳಿ ತಾಗಬಾರದೆಂದು ಬಂದವರೇ ನಮ್ಮ ಮನೆಯ ಫ್ಯಾನು ನಿಲ್ಲಿಸುತ್ತಿದ್ದರು. ನಾವು ಬೆವರಬೇಕು, ಅವರ ಸ್ವರ ಉಳಿಯಬೇಕು!

ನನ್ನ ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದವಳು. ಒಂದು ಸಂಜೆ ರೇಡಿಯೋ ನಾಟಕದಲ್ಲಿ ಮೀನಿನ ಮುದುಕಿಯೊಬ್ಬಳು ಗಿರಾಕಿಗೆ ಬೈದಳು: "ಎಷ್ಟು ಸಲ ಮೀನಿನ ಕಿವಿರು ಎತ್ತಿ ನೋಡುದು? ಇದೆಂತ ನಿಮ್ಮ ಮಗಳಿಗೆ ತಂದ ಗಂಡಾ?" ಸ್ವರ ಅಮ್ಮನದ್ದು, ಬೈಗುಳವೂ ಅಮ್ಮನದ್ದು, ಬೈದದ್ದು ಮಾತ್ರ ಪಕ್ಕದ ಮನೆಯ ಗಂಡಸು! ನಾನು ಜಗಳಕ್ಕೆ ಹೊರಟರೆ ಅಮ್ಮ ನನ್ನನ್ನು ಬದಿಗೆ ತಳ್ಳಿ ತಾನೇ ಅಣ್ಣನ ಮನೆಗೆ ಹೋದಳು.

"ಮಗಾ, ತಲೆಯಲ್ಲಿ ಬುಟ್ಟಿ ಇರುವಾಗ ಅಷ್ಟು ಉದ್ದ ಬೈಲಿಕ್ಕೆ ಉಸಿರು ಸಾಕಾಗುದಿಲ್ಲ. ತುಂಡು ತುಂಡು ಮಾಡಿ ಹೇಳ್ಬೇಕು."

ಮರುದಿನದಿಂದ ಅಣ್ಣ ಬುಟ್ಟಿಗೆ ಹೊಯಿಗೆ ತುಂಬಿಸಿ, ತಲೆಗೆ ಹೊತ್ತು, ನಮ್ಮ ಅಂಗಳದಲ್ಲಿ ಬೈಯುತ್ತಾ ತಿರುಗಿದರು. ಅಮ್ಮ ಎಲೆ ಅಡಿಕೆ ಜಗಿಯುತ್ತಾ ತಿದ್ದಿದಳು. ಅಂಗಳಕ್ಕೆ ಚೆಲ್ಲಿದ ಮರಳು ಗುಡಿಸಿದ್ದು ನಾನು.

ಅಮ್ಮ ಹೋದ ಮೇಲೆ ಅವಳ ಸ್ವರ ಎಲ್ಲಿಯೂ ಉಳಿಯಲಿಲ್ಲ. ಆ ನಾಟಕದ ಟೇಪೂ ಇಲ್ಲವಂತೆ. ಕಳೆದ ವರ್ಷ ಮೊಮ್ಮಗಳು ನನಗೆ ಫೋನಿನಲ್ಲಿ ಟೈಪ್ ಮಾಡುವುದು, ರೆಕಾರ್ಡ್ ಮಾಡುವುದು ಕಲಿಸಿದಳು. ನೇರ ಅಣ್ಣನ ಮನೆಗೆ ಹೋದೆ. ಅವರಾಗಲೇ ಕಾಯಿಲೆ ಬಿದ್ದು ಅತ್ತಾವರದ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು.

"ಅಮ್ಮನ ಹಾಗೆ ನಾಲ್ಕು ಮಾತು ಹೇಳಿ ಅಣ್ಣ."

"ಇವತ್ತು ಮೂಡ್ ಇಲ್ಲ ಮಾರಾಯ್ತಿ."

ಮುಂದಿನ ವಾರ ಕಫ. ಅದರ ಮುಂದಿನ ವಾರ, "ಪ್ರೇಕ್ಷಕರಿಲ್ಲದೆ ನನಗೆ ಬರುದಿಲ್ಲ, ಹತ್ತು ಜನ ಕರಿ." ಕರೆದೆ! ಹತ್ತು ಜನರಿಗೂ ನೀರ್‌ದೋಸೆ ಎರೆದೆ. ಅವರು ತಿಂದು ಕೈ ತೊಳೆಯುವಷ್ಟರಲ್ಲಿ ಇವರು ಗೊರಕೆ.

ಮರುದಿನ ಮಧ್ಯಾಹ್ನ ಫೋನಿನ ರೆಕಾರ್ಡ್ ಒತ್ತಿ ಅವರ ಮಂಚದ ಮೇಲಿಟ್ಟೆ. "ಇವತ್ತು ನೀವು ಹೇಳದೆ ನಾನು ಏಳುದಿಲ್ಲ."

ಬಾಯಿ ತೆರೆದರು. ಬಂದದ್ದು ಬರೀ ಗಾಳಿ, ಆಮೇಲೆ ಒಂದು ಸಣ್ಣ ಸ್ವರ.

"ಬರುದಿಲ್ಲ ಮಾರಾಯ್ತಿ. ಒಂದು ತಿಂಗಳಿಂದ ಬಾಗಿಲು ಹಾಕಿ ಪ್ರಯತ್ನ ಮಾಡಿದೆ. ಬೇರೆಯವರ ಸ್ವರ ಎಲ್ಲ ಹೋಯ್ತು. ಈಗ ಉಳಿದದ್ದು ನನ್ನದೊಂದೇ."

ಅಳು ಬರಬೇಕಿತ್ತು. ಬಂದದ್ದು ಸಿಟ್ಟು. "ಅದನ್ನು ಮೊದಲೇ ಹೇಳ್ಲಿಕ್ಕೆ ಎಂತ ಧಾಡಿ ನಿಮಗೆ? ಹತ್ತು ಜನಕ್ಕೆ ದೋಸೆ ಎರೆದು ನನ್ನ ಸೊಂಟ ಹೋಯ್ತು!"

ಅಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಇನ್ನೊಮ್ಮೆ ಬೈ."

"ಎಂತ?"

"ಬೈ. ಸೊಂಟ ಅಂತ ಹೇಳುವಾಗ ಉಸಿರು ತುಂಡು ಮಾಡು. ನಿನ್ನ ಅಮ್ಮ ಹಾಗೆ ಮಾಡ್ತಿದ್ರು."

ಸಂಜೆಯವರೆಗೆ ಬೈಸಿದರು. ಇಲ್ಲಿ ಮೂಗಿನಿಂದ, ಅಲ್ಲಿ ಹೊಟ್ಟೆಯಿಂದ, ಕೊನೆಗೆ ಸ್ವಲ್ಪ ಎಳೆದು. ಅಮ್ಮ ಅವರಿಗೆ ಕಲಿಸಿದ್ದನ್ನು, ಅವಳ ಮಗಳಿಗೇ ಗದರಿಸಿ ಕಲಿಸಿದರು. ಹದಿನೈದು ದಿನದಲ್ಲಿ ತೀರಿಕೊಂಡರು.

ರೆಕಾರ್ಡ್ ನಿಲ್ಲಿಸುವುದು ಹೇಗೆಂದು ಅಂದು ನನಗೆ ಮರೆತುಹೋಗಿತ್ತು. ಹಾಗಾಗಿ ಎಲ್ಲವೂ ಫೋನಿನಲ್ಲಿ ಉಂಟು. ಕೇಳುತ್ತಾ ಹೋದರೆ ಒಂದು ಕಡೆ ನನ್ನ ಸ್ವರ ನಿಂತು ಅಮ್ಮ ಶುರುವಾಗುತ್ತಾಳೆ. ಅಲ್ಲೇ ಹಿಂದಿನಿಂದ ಅವರ ಸಣ್ಣ ಸ್ವರ: "ಹಾಂ, ಬಂದ್ರು. ಈಗ ನೀನು ನಡುವೆ ಬಾಯಿ ಹಾಕ್ಬೇಡ."