ಬಣವೆಯ ಹೊಗೆ

ನಮ್ಮಪ್ಪ ಅಗ್ನಿಶಾಮಕ ದಳದಲ್ಲಿದ್ದ. ಆಳಂದ, ಅಫಜಲಪುರ, ಜೇವರ್ಗಿ, ಎಲ್ಲಿ ಜೋಳದ ಕಣಿಕೆಯ ಬಣವೆಗೆ ಬೆಂಕಿ ಬಿದ್ದರೂ ಕೆಂಪು ಗಾಡಿ ಏರುತ್ತಿದ್ದ. ಮೂಗಿಗೆ ಒದ್ದೆ ಟವೆಲ್ಲೊಂದೇ ಆಸರೆ. ಬಣವೆ ಮೇಲೆ ಆರಿದಂತೆ ಕಂಡರೂ ಒಳಗೊಳಗೇ ಉರಿಯುತ್ತದೆ, ಕೆದರಿ ಕೆದರಿ ಆರಿಸಬೇಕು. ಅಪ್ಪ ಅದನ್ನು ಬೇರೆಯವರಿಗೆ ಬಿಡುತ್ತಿರಲಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಆತನ ಶ್ವಾಸಕೋಶಕ್ಕೆ ಕ್ಯಾನ್ಸರ್ ಬಂತು.

ಓಣಿಯವರಿಗೆ ಕಾರಣ ಹೇಳಲು ಡಾಕ್ಟರು ಬೇಕಿರಲಿಲ್ಲ. ಕದ್ದು ಬೀಡಿ ಸೇದುತ್ತಿದ್ದ ಅಂದರು. ಎಲುಬಿಲ್ಲದ ನಾಲಗೆ, ಹೇಗೆ ಬೇಕಾದರೂ ಹೊರಳುತ್ತದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಇಂಥ ಚಟವೇ ಎಂದು ಅವ್ವನ ಮುಖಕ್ಕೇ ಕೇಳಿದವರೂ ಇದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪನ ಸಂಕಟ ಬೇರೆ, ತನ್ನಿಂದಾಗಿ ಹೆಂಡತಿ ತಲೆ ತಗ್ಗಿಸುವಂತಾಯಿತಲ್ಲ ಎಂದು. ಇದು ನೌಕರಿಯಿಂದ ಬಂದ ರೋಗ, ಪರಿಹಾರ ಕೊಡಿ ಎಂದು ಅರ್ಜಿ ಹಾಕಿದ. ದುಡ್ಡಿಗಿಂತ ಹೆಚ್ಚಾಗಿ, ಆ ಮಾತನ್ನು ದೊಡ್ಡವರೊಬ್ಬರು ಗಟ್ಟಿಯಾಗಿ ಹೇಳಲೆಂಬ ಆಸೆ ಆತನಿಗೆ.

ಗುಲ್ಬರ್ಗಾದಲ್ಲಿ ವಿಚಾರಣೆ. ಹಿಂದೆ ಅಪ್ಪ ಬಣವೆಯ ಬೆಂಕಿ ಆರಿಸಿಕೊಟ್ಟಿದ್ದ ಹಿರೋಳ್ಳಿಯ ಮುದುಕ ಸಾಕ್ಷಿಗೆ ಬಂದಿದ್ದ. ಅಪ್ಪನನ್ನು ಹೊಗಳುವ ಭರದಲ್ಲಿ ತನ್ನೂರಿನ ಮರ್ಯಾದೆಯನ್ನೂ ಸೇರಿಸಿದ. ಬೆಂಕಿ ಆರಿಸಿದವರನ್ನು ನಾವು ಹಾಗೇ ಕಳಿಸುವವರಲ್ಲ, ಚಹಾ ಕುಡಿಸಿ ಬೀಡಿ ಕೊಟ್ಟೆವು, ಇವರೂ ತಗೊಂಡರು ಎಂದ. ಉಪಕಾರ ಮಾಡಲು ಬಂದವನೇ ನಮ್ಮನ್ನು ಮುಳುಗಿಸಿದ ಅಂದುಕೊಂಡೆ.

ಇವರು ಸೇದಿದ್ದನ್ನು ನೋಡಿದಿರಾ ಎಂದು ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಕೇಳಿದರು. ಮುದುಕ ತಡವರಿಸಿ ಅಪ್ಪನ ಕಡೆ ತಿರುಗಿದ.

"ನಾ ಕೊಟ್ಟದ್ದು ನೀವು ಸೇದಲಿಲ್ಲೇನ್ರಿ?"

"ಇಲ್ರಿ ಯಪ್ಪಾ. ಡ್ರೈವರಗ ಕೊಟ್ಟೆ. ಅಂಥಾ ದುಃಖದಾಗ ನೀವು ಕೈ ಮುಂದ ಮಾಡಿದ್ರಿ, ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ," ಎಂದ ಅಪ್ಪ.

ಮುದುಕನ ಕಣ್ಣು ತುಂಬಿತು. ಅಧಿಕಾರಿಗೆ ಕೈಮುಗಿದ.

"ಸಾಹೇಬ್ರ, ಇವ್ರ ಎದ್ಯಾಗ ಹೋದ ಹೊಗಿ ನಮ್ಮ ಬಣವೀದ್ರಿ. ನಾವೆಲ್ಲ ದೂರ ನಿಂತಿದ್ವಿ, ಇವ್ರು ಒಳಗ ಹೊಕ್ಕಿದ್ರು."

ಅಪ್ಪನ ಬಗ್ಗೆ ನನಗೆ ಮೊದಲಿಂದಲೂ ಹೆಮ್ಮೆಯಿತ್ತು. ಅದು ಎದೆಯಲ್ಲಿ ಹಿಡಿಸಲಾರದಷ್ಟಾದದ್ದು ಆಗ. ಅಧಿಕಾರಿ ಡಾಕ್ಟರರ ಅಭಿಪ್ರಾಯವನ್ನು ಮತ್ತೊಮ್ಮೆ ಓದಿಕೊಂಡು, ಇದು ಕೆಲಸದಿಂದಲೇ ಬಂದ ರೋಗ ಎಂದು ತುಂಬಿದ ಕೋಣೆಯಲ್ಲಿ ಹೇಳಿದರು.

ಅಪ್ಪ ಪಕ್ಕದಲ್ಲಿ ಕೂತಿದ್ದ ಅವ್ವನನ್ನು ಮೆಲ್ಲಗೆ ಕೇಳಿದ, "ಇನ್ನರ ಓಣ್ಯಾಗ ತಲಿ ಎತ್ತಿ ಅಡ್ಡಾಡ್ತಿ ಇಲ್ಲ?"

"ನಾ ಎಂದರ ತಗ್ಗಿಸೀನೇನು?" ಅಂದಳು ಅವ್ವ.