ಸಿತ್ಲಾಲಿ ಹೇಳದೆ ಬಿಟ್ಟ ಮಾತು

ಹನ್ನೆರಡು ವರ್ಷ ಪೀಚ್ ಹಣ್ಣು ಆರಿಸಿ ಪೆಟ್ಟಿಗೆಗೆ ತುಂಬಿ ಎಲೊಯ್ಸಾಳ ಅಂಗೈ ಒರಟಾಗಿದೆ. ದುಡಿಯಲು ವಲಸೆ ಬಂದ ಈ ಫ್ರೆಸ್ನೋದಲ್ಲಿ ನಮ್ಮದು ಅಕ್ಕಪಕ್ಕದ ಮನೆ. ಅವಳ ಮಗಳು ಸಿತ್ಲಾಲಿಯನ್ನು ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ಎತ್ತಿಕೊಂಡವಳು ನಾನು, ಹಾಗಾಗಿ ನಾವಿಬ್ಬರೂ ಕೊಮಾದ್ರೆಗಳು. ಆ ಹುಡುಗಿಗೆ ಈಗ ಹದಿನೈದು. ಎಲೊಯ್ಸಾ ಅವಳನ್ನು ಹೊಗಳಿದ್ದನ್ನು ನಾನಂತೂ ಕೇಳಿಲ್ಲ.

"ಹೊಗಳಿದ್ರೆ ದೃಷ್ಟಿ ತಾಗುತ್ತೆ ಕಣೇ," ಅನ್ನುತ್ತಾಳೆ.

ಗಡಿಯಾಚೆ ನಮ್ಮೂರ ಕಡೆ ಮಗುವನ್ನು ಹೊಗಳಿದವರು ಕೂಡಲೇ ಅದನ್ನು ಮುಟ್ಟಬೇಕು, ಆಗ ದೃಷ್ಟಿ ತಾಗುವುದಿಲ್ಲ. ಇವಳಿಗೆ ಅಷ್ಟಕ್ಕೂ ಪುರಸೊತ್ತಿಲ್ಲ. ಬೈಯುವುದಕ್ಕೆ ಮಾತ್ರ ಹೇಗೋ ಬಿಡುವಾಗುತ್ತದೆ.

ಮೊನ್ನೆ ಶಾಲೆಯಲ್ಲಿ ಪಾಲಕರ ಸಭೆ. ನಾನು ಅಲ್ಲೇ ಕಸ ಗುಡಿಸುವವಳು. ಟೀಚರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಕ್ಕಳೇ ತಾಯಂದಿರಿಗೆ ನಮ್ಮ ಭಾಷೆಯಲ್ಲಿ ಹೇಳಬೇಕು. ಇಪ್ಪತ್ತು ವರ್ಷದಲ್ಲಿ ಇಂಗ್ಲಿಷು ನನ್ನ ಕಿವಿಗೂ ಬಿದ್ದಿದೆ.

"ವಿಜ್ಞಾನದಲ್ಲಿ ಇಡೀ ತರಗತಿಗೆ ಇವಳೇ ಮುಂದೆ," ಅಂದರು ಟೀಚರ್. "ಬೇಸಿಗೆ ಶಿಬಿರಕ್ಕೆ ಆರಿಸಿದ್ದೀವಿ. ಖರ್ಚೇನಿಲ್ಲ, ಈ ಫಾರಮ್ಮಿಗೆ ನಿಮ್ಮ ಸಹಿ ಬೇಕು. ಇವತ್ತೇ ಕೊನೆ ದಿನ."

ಸಿತ್ಲಾಲಿ ನೆಲ ನೋಡುತ್ತಾ ತಾಯಿಗೆ ಹೇಳಿದ್ದು ಇಷ್ಟೇ: "ಪರವಾಗಿಲ್ವಂತೆ. ಇನ್ನೂ ಓದ್ಬೇಕಂತೆ."

"ನಾನು ಬಡ್ಕೊಳ್ಳೋದೂ ಅದನ್ನೇ, ಸೋಮಾರಿ."

ಹೊರಗೆ ಬಂದವಳೇ ಹುಡುಗಿ ಫಾರಂ ಮುದುಡಿ ನನ್ನ ಕಸದ ಬುಟ್ಟಿಗೆ ಹಾಕಿದಳು. ಹಿಡಿದು ನಿಲ್ಲಿಸಿದೆ. "ಯಾಕೆ ಹೀಗ್ ಮಾಡ್ದೆ?"

"ಟೀಚರ್ ಎಲ್ರಿಗೂ ಹಾಗೇ ಹೇಳ್ತಾರೆ. ನಾನೆಂಥೋಳು ಅಂತ ಅಮ್ಮನಿಗಿಂತ ಅವ್ರಿಗೆ ಜಾಸ್ತಿ ಗೊತ್ತಾ?"

ನನಗೆ ಸಾಕಾಗಿ ಹೋಗಿತ್ತು. ಹದಿನಾರು ಕೋಣೆ ಗುಡಿಸಿ ಸೊಂಟ ಬಿದ್ದುಹೋಗಿತ್ತು. ಆದರೂ ಫಾರಂ ಎತ್ತಿ, ಎಲೊಯ್ಸಾಳ ಮುಂದೆ ಹಿಡಿದು, ಟೀಚರ್ ಅಂದದ್ದನ್ನೆಲ್ಲ ಹೇಳಿದೆ.

ಅವಳು ಬೆಂಚಿನ ಮೇಲೆ ಕುಸಿದಳು. "ನಮ್ಮಮ್ಮ ನನ್ನ ಬೆಳೆಸಿದ್ದೂ ಹೀಗೇ ಅಲ್ವಾ, ಕೊಮಾದ್ರೆ."

"ಹೂಂ. ಅದಕ್ಕೇ ತೋಟದೋರು ಮೇಲ್ವಿಚಾರಕಿ ಮಾಡ್ತೀವಿ ಅಂದಾಗ, ನನ್ ಕೈಲಾಗಲ್ಲ ಅಂತ ಓಡಿ ಬಂದೆಯಲ್ಲ!"

ಅವಳು ಫಾರಂ ಈಸಿಕೊಂಡಳು. ಫಾರಮ್ಮಿನ ಸುಕ್ಕು ತೊಡೆಯ ಮೇಲೆ ಸವರಿ, ನನ್ನ ಪೆನ್ನು ಕೇಳಿ ಸಹಿ ಹಾಕಿದಳು. ಆಮೇಲೆ ಎದ್ದು ಮಗಳ ಹತ್ತಿರ ಹೋದಳು.

"ನೀನು ಜಾಣೆ ಕಣೇ," ಅಂದಳು. ಹೊಗಳಿದ್ದಾಯಿತು, ಇನ್ನು ಮುಟ್ಟಬೇಕು. ಕೈ ಎತ್ತಿದಳು.

ಏಟು ಬಿತ್ತೆಂದು ಸಿತ್ಲಾಲಿ ಕಣ್ಣು ಮುಚ್ಚಿ ಹಿಂದೆ ಸರಿದಳು.

ಎಲೊಯ್ಸಾಳ ಮುಖ ನನ್ನಿಂದ ನೋಡಲಾಗಲಿಲ್ಲ. ಆದರೆ ಅವಳು ಕೈ ಇಳಿಸಲಿಲ್ಲ. ಮಗಳು ಕಣ್ಣು ಬಿಡುವವರೆಗೂ ಹಾಗೇ ನಿಂತಿದ್ದಳು.