ಬೋಳು ಅಂಚಿನ ಬಟ್ಟಲು

ಬಾವ ವಾರವೆಲ್ಲ ದೂರದ ಮುಸಫ್ಫಾದಲ್ಲಿ, ತಾವು ದುಡಿಯುವ ವರ್ಕ್‌ಶಾಪಿನ ಕಂಪನಿ ರೂಮಿನಲ್ಲಿರುತ್ತಿದ್ದರು. ಮಿರ್ದಿಫ್‌ನ ಮನೆಗೆ ಬರುವುದು ಗುರುವಾರ ಸಂಜೆ. ಅಕ್ಕನ ಮನೆಯಲ್ಲಿ ನಾನಿದ್ದ ಮೊದಲ ಎಂಟು ಗುರುವಾರಗಳಲ್ಲಿ ಅವರು ನನ್ನ ಮುಖ ನೋಡಿ ಮಾತಾಡಿದ್ದು ಮೂರು ಸಲ. ಮೂರೂ ಸಲ ಬಾತ್‌ರೂಮಿನ ಲೈಟ್ ಆರಿಸಿಲ್ಲವೆಂದು. ಅದಕ್ಕಿಂತ ಹೆಚ್ಚು ನನಗೂ ಬೇಕಿರಲಿಲ್ಲ.

ಒಂಬತ್ತನೆಯ ಗುರುವಾರ ಬಟ್ಟಲು ಬಂತು. ವರ್ಕ್‌ಶಾಪಿನ ಮ್ಯಾನೇಜರ್ ಕೆಲಸ ಬಿಟ್ಟು ತಮ್ಮ ದೇಶಕ್ಕೆ ಹೊರಡುವಾಗ ಅದನ್ನು ಬಾವನಿಗೆ ಕೊಟ್ಟಿದ್ದರು. ತಿಳಿನೀಲಿ ಮೆರುಗಿನ ಚೀನೀ ಪಿಂಗಾಣಿ. ಓರೆ ಹಿಡಿದರೆ ಒಳಗೆ ಕೆತ್ತಿದ ಹೂ ಕಾಣುತ್ತಿತ್ತು. ಬಾವ ಅದನ್ನು ಶೋಕೇಸಿನ ನಟ್ಟನಡುವೆ ಇಟ್ಟರು. ಮರುದಿನ ಊಟಕ್ಕೆ ಬಂದ ಅವರ ತಮ್ಮನಿಗೆ ಅಲ್ ಮುರಕ್ಕಬಾತ್‌ನಲ್ಲಿ ಪಾತ್ರೆ ಅಂಗಡಿ. ಅವರು ಬಟ್ಟಲನ್ನು ತೆಗೆದು ಅಂಚಿನ ಸುತ್ತ ಹೆಬ್ಬೆರಳು ಓಡಿಸಿದರು. ಅಲ್ಲಿ ಮೆರುಗಿರಲಿಲ್ಲ, ಬರೀ ಒರಟು.

"ಸೆಕೆಂಡ್ಸ್ ಮಾಲು ಅಣ್ಣ. ಇಂಥದ್ದು ಬಂದ್ರೆ ನಾವು ವಾಪಸ್ ಕಳಿಸುದು. ಇಷ್ಟು ವರ್ಷ ದುಡಿದದ್ದಕ್ಕೆ ನಿನ್ನ ಸಾಹೇಬ್ರಿಗೆ ಕೊಡ್ಲಿಕ್ಕೆ ಇದೇ ಸಿಕ್ಕಿದ್ದಾ?"

ಬಾವನ ಕಿವಿ ಕೆಂಪಾಯಿತು. ನಾನು ಹಳೆಯ ಕಾಲದ ಬೆಲೆಬಾಳುವ ವಸ್ತುಗಳನ್ನು ಪ್ಯಾಕ್ ಮಾಡಿ ಸಾಗಿಸುವ ಆಫೀಸಿನಲ್ಲಿ ಟೈಪಿಸ್ಟ್. ಇಂಥ ಬಟ್ಟಲುಗಳ ವಿವರ ಟೈಪ್ ಮಾಡಿದ್ದೆ. ಏಳೆಂಟು ನೂರು ವರ್ಷದ ಹಿಂದೆ ಇವನ್ನು ಭಟ್ಟಿಯಲ್ಲಿ ಕವುಚಿಟ್ಟು ಸುಡುತ್ತಿದ್ದರು, ಕೆಳಗೆ ಅಂಟಿಕೊಳ್ಳದಿರಲೆಂದು ಅಂಚಿನ ಮೆರುಗು ಒರೆಸುತ್ತಿದ್ದರು, ಇದೂ ಅಂಥದ್ದೇ ಇರಬಹುದು, ಬಲ್ಲವರಿಗೆ ತೋರಿಸೋಣ ಎಂದೆ. ಬಾವನ ತಮ್ಮ ನಕ್ಕರು.

"ನೀನು ಸುಮ್ಮನೆ ಕೂತ್ಕೊ," ಎಂದರು ಬಾವ. "ನನ್ನ ಮರ್ಯಾದೆ ಉಳಿಸ್ಲಿಕ್ಕೆ ಟೈಪಿಸ್ಟ್ ಬೇಡ."

ಅದು ನಾಲ್ಕನೆಯ ಸಲ.

ಶನಿವಾರ ಬಾವ ಬಟ್ಟಲನ್ನು ಟವೆಲ್ಲಿನಲ್ಲಿ ಸುತ್ತಿ ಮುಸಫ್ಫಾಕ್ಕೆ ಒಯ್ದರು. ಮುಂದಿನ ಗುರುವಾರ ಅದು ಮರಳಿದಾಗ ಅಂಚು ಸ್ಟೀಲ್ ಲೋಟದಷ್ಟು ನುಣುಪಾಗಿತ್ತು. ವರ್ಕ್‌ಶಾಪಿನ ಗ್ರೈಂಡರಿಗೆ ಹಿಡಿಸಿದ್ದರು. ಎರಡು ಕಡೆ ನೀಲಿ ಮೆರುಗು ಎದ್ದುಹೋಗಿತ್ತು. ಶುಕ್ರವಾರ ತಮ್ಮನನ್ನು ಮತ್ತೆ ಕರೆಸಿ, ಅಕ್ಕನಿಂದ ಅದರಲ್ಲೇ ಪಾಯಸ ಹಾಕಿಸಿದರು. ತಮ್ಮ ಉಂಡು, ಅಂಚು ಮುಟ್ಟಿ ನೋಡಿದರು.

"ಹಾಂ, ಈಗ ಫಸ್ಟ್ ಕ್ವಾಲಿಟಿ."

ಬಾವ ನಕ್ಕರು. ಆ ಮನೆಯಲ್ಲಿ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಬಟ್ಟಲು ತೊಳೆದಿಡಲು ಅಕ್ಕ ನನಗೆ ಹೇಳಿದಳು. ಸಿಂಕಿನಲ್ಲಿದ್ದ ಅದನ್ನು ನಾನು ಮುಟ್ಟಲಿಲ್ಲ.

"ಅಂಚು ಉಜ್ಜಿದವರೇ ತೊಳೀಲಿ," ಎಂದೆ, ಹಾಲ್‌ನಲ್ಲಿದ್ದವರಿಗೆ ಕೇಳುವಷ್ಟು ಗಟ್ಟಿಯಾಗಿ.

ಬಾವ ಎದ್ದು ಬಂದು ತಾವೇ ತೊಳೆದರು, ಒರೆಸಿದರು, ಒಳಗಿಟ್ಟು ಶೋಕೇಸಿಗೆ ಬೀಗ ಹಾಕಿದರು. ಬೀಗದ ಕೈ ಅವರ ಜೇಬಿನಲ್ಲಿ ಮುಸಫ್ಫಾಕ್ಕೆ ಹೋಯಿತು. ಅಕ್ಕನ ಚಹಾ ಕಪ್ಪುಗಳೆಲ್ಲ ಅದರೊಳಗಿದ್ದವು. ಆ ವಾರವಿಡೀ ನಾವಿಬ್ಬರೂ ಪೇಪರ್ ಕಪ್ಪಿನಲ್ಲಿ ಚಹಾ ಕುಡಿದೆವು. ಅಕ್ಕ ನನ್ನ ಜೊತೆ ಮಾತಾಡಲಿಲ್ಲ.